ಕೆಂಜೆಡೆಯ ಅಳಿಯ

ಮೊದಲು ಕಬ್ಬಿನ ಸಾರಾಯಿಯ ಘಾಟು, ಅದರ ಹಿಂದೆ ಒಲೆಯ ಹೊಗೆ, ಅದಕ್ಕೂ ಹಿಂದೆ, ಎಲ್ಲವನ್ನೂ ತಣ್ಣಗೆ ಹಿಡಿದಿಟ್ಟುಕೊಂಡ ಹಾಗೆ, ಮಾವಿನಕಾಯಿ ಸಿಪ್ಪೆಯ ಒಗರು ಮತ್ತು ಇಗರ್ಜಿಯಲ್ಲಿ ಹಾಕುವ ಕೊಪಾಲ್ ಧೂಪ. ಅಜ್ಜಿ ದಮಿಯಾನಾಳ ಅಂಗೈ ಕತ್ತಲಲ್ಲಿ ಹೀಗೆ ಪದರಪದರವಾಗಿ ಹತ್ತಿರ ಬರುತ್ತಿತ್ತು. ಮೊಣಕಾಲು ಹಿಡಿದುಕೊಂಡಿದೆ, ಸೊಂಟ ಏಳುತ್ತಿಲ್ಲ ಎಂದು ಬಂದವರಿಗೆಲ್ಲ ಅಜ್ಜಿ ಗಾಂಜಾ ಸೊಪ್ಪು ನೆನೆಹಾಕಿದ ಸಾರಾಯಿಯನ್ನು ತಿಕ್ಕಿ ಕಳಿಸಿ, ಕೈ ತೊಳೆಯದೆ ಬಂದು ಚಾಪೆಯ ಮೇಲೆ ಮಲಗಿ, ಮೊಮ್ಮಗಳ ಕೆನ್ನೆಯ ಮೇಲೆ ಆ ಕೈಯಿಟ್ಟು ನಿದ್ದೆ ಹೋಗುತ್ತಿದ್ದಳು. ಒಟಿಲಿಯಾ ಈಗ ಒಲೆಯ ಮುಂದೆ ಕೂತು ಅದೇ ವಾಸನೆಯನ್ನು ಒಂದೊಂದೇ ಪದರವಾಗಿ ಬಿಡಿಸಿ ನೆನೆಸಿಕೊಂಡಳು. ಜಪಸರದ ಮಣಿ ಎಣಿಸುವ ಹೆಂಗಸಿನಂತೆ ದಿನಾ ಬೆಳಿಗ್ಗೆ ಇದನ್ನು ಮಾಡುತ್ತಿದ್ದಳು, ಒಂದು ದಿನ ಬಿಟ್ಟರೆ ಅದೂ ಹೋಗಿಬಿಡುತ್ತದೇನೋ ಎಂದು. ಆಮೇಲೆ ಹೆಂಚಿನ ಮೇಲಿನ ರೊಟ್ಟಿಯತ್ತ ಬಾಗಿ ಉಸಿರೆಳೆದಳು. ಬೆಚ್ಚಗಿನ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ರೊಟ್ಟಿಯ ಅಂಚು ಕರಿದಾದದ್ದನ್ನು ಕಣ್ಣು ಹೇಳಿದ ಮೇಲೆಯೇ ಅವಳು ಅದನ್ನು ಮಗುಚಿದ್ದು.

ಆ ದೊಡ್ಡ ಜ್ವರ ಬೆಟ್ಟದ ಮೇಲಿನ ಊರುಗಳಿಗೂ ಹತ್ತಿ ಬಂದಾಗ ಅವಳು ಬದುಕುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ತಮ್ಮ ನಬೋರ್ ಶವಪೆಟ್ಟಿಗೆಗೆಂದು ಹಲಗೆಗಳನ್ನು ಕೂಡ ನೋಡಿಟ್ಟಿದ್ದ, ಆ ಹಲಗೆ ಈಗ ಹಂದಿಗೂಡಿನ ಬಾಗಿಲಾಗಿದೆ. ಬದುಕಿದಳು. ಮೂಗು ಮಾತ್ರ ಬದುಕಲಿಲ್ಲ. ಎಲ್ಲರಿಗೂ ಹಾಗೇ ಆಗಿದೆ, ವಾಪಸ್ಸು ಬರುತ್ತದೆ ಎಂದರು. ಉಳಿದವರಿಗೆಲ್ಲ ಬಂತು. ಒಟಿಲಿಯಾ ತನಗೂ ಬಂತು ಎಂದು ಒಂದು ದಿನ ಊಟದ ನಡುವೆ ಹೇಳಿಬಿಟ್ಟಳು. ನಬೋರ್ ಅದೆಷ್ಟು ಆಸೆಯಿಂದ ಮುಖ ನೋಡುತ್ತಿದ್ದನೆಂದರೆ ಬೇರೇನೂ ಹೇಳಲು ಆಗಲಿಲ್ಲ. ಬೇರೆ ಹೆಂಗಸಾಗಿದ್ದರೆ ಅದು ಯಾರ ತಂಟೆಗೂ ಬಾರದ ಸುಳ್ಳು. ಆದರೆ ಕೆಂಜೆಡೆ ಎಂಬ ಗಾಂಜಾ ತಳಿ ನಿಂತಿದ್ದೇ ಈ ಮನೆಯ ಹೆಂಗಸರ ಮೂಗಿನ ಮೇಲೆ. ಸುತ್ತಲಿನ ಕಣಿವೆಗಳಲ್ಲೆಲ್ಲ ಉತ್ತರದಿಂದ ಬಂದ ಕುಳ್ಳ ತಳಿಯ ಗಿಡಗಳು ತುಂಬಿಕೊಂಡ ಮೇಲೆ, ಅಜ್ಜಿಯ ಅಜ್ಜಿ ಬಿತ್ತಿದ್ದ ಆ ಉದ್ದನೆಯ ಗಿಡ, ಬಡಕಲು ಬೆರಳಿನಂಥ ಎಲೆಯದು, ಚಳಿ ಬೀಳುವವರೆಗೂ ಹಣ್ಣಾಗದೆ ಸತಾಯಿಸಿ ಕೊನೆಗೆ ತುಕ್ಕುಬಣ್ಣದ ಕೂದಲು ಬಿಡುವುದು, ಉಳಿದಿದ್ದು ಇವರ ಜೋಳದ ಹೊಲದ ಸಾಲುಗಳ ನಡುವೆ ಮಾತ್ರ. ಸಾನ್ ಮಿಗೆಲ್ ಹಬ್ಬದ ಹಿಂದಿನ ದಿನ ಗಂಡು ಗಿಡಗಳನ್ನೆಲ್ಲ ಕಿತ್ತು, ಹೊಲದ ಮೇಲಿನ ಮೂಲೆಯಲ್ಲಿ ಒಂದೇ ಒಂದನ್ನು ಬಿಡಬೇಕು. ಅದಕ್ಕೆ ಅಳಿಯ ಎನ್ನುತ್ತಾರೆ. ಮುಂದಿನ ವರ್ಷದ ಬೀಜಕ್ಕೆಲ್ಲ ಅವನೇ ತಂದೆ. ಎತ್ತರ ನೋಡಿ, ಬಣ್ಣ ನೋಡಿ ಆರಿಸುವ ಹಾಗಿಲ್ಲ. ಎಲೆ ಉಜ್ಜಿ ಮೂಸಿ ಆರಿಸಬೇಕು, ಅಜ್ಜಿಯ ಅಂಗೈಯ ವಾಸನೆ ಬರುವವನೇ ಅಳಿಯ. ಹೋದ ವರ್ಷ, ಜ್ವರ ಬಿಟ್ಟ ಕೆಲವೇ ವಾರಗಳಲ್ಲಿ, ಒಟಿಲಿಯಾ ಕಣ್ಣಿನಿಂದ ಆರಿಸಿದ್ದಳು.

"ಅತ್ತಿಗೆ, ಕಾಳು ಬಡಿಸ್ಲಾ?" ನಬೋರನ ಹೆಂಡತಿ ಎಲ್ಪಿದಿಯಾ ಕೇಳಿದಳು. ಕೇಳುತ್ತಲೇ ಬಡಿಸಿಯೂ ಇದ್ದಳು.

ಒಟಿಲಿಯಾ ಕರಿಕಾಳಿಗೆ ರೊಟ್ಟಿ ಅದ್ದಿ ಬಾಯಿಗಿಟ್ಟು ಮುಖ ಕಿವುಚಿದಳು. "ಎಷ್ಟು ಸಲ ಹೇಳೋದು ನಿಂಗೆ? ಬರೀ ಮೆಣಸಿನಕಾಯಿ. ಕರಾವಳಿಯೋರಿಗೆ ಕೈ ಅಳತೆನೇ ಇಲ್ಲ."

"ನಾಳೆಯಿಂದ ಕಮ್ಮಿ ಹಾಕ್ತೀನಿ ಬಿಡಿ."

"ನಿನ್ನೇನೂ ಹಿಂಗೇ ಅಂದೆ."

"ನಿನ್ನೆ ಹಾಕಿದ್ದಕ್ಕಿಂತ ಕಮ್ಮಿನೇ ಇದು," ಎಂದು ಎಲ್ಪಿದಿಯಾ ನಕ್ಕಳು. ನಬೋರ್ ತನ್ನ ತಟ್ಟೆಯ ಮೇಲೆ ಬಾಗಿ ಏನೂ ಕೇಳಿಸದವನಂತೆ ತಿನ್ನುತ್ತಿದ್ದ. ಒಟಿಲಿಯಾ ಬೈದರೂ ಪೂರ್ತಿ ತಿಂದಳು. ಮಿಕ್ಕ ಎಲ್ಲ ಊಟ ಬಾಯಿಯಲ್ಲಿ ಒದ್ದೆ ಮಣ್ಣಿನಂತೆ ತಿರುಗುತ್ತಿದ್ದಾಗ ಈ ಉರಿಯೊಂದೇ ನಾಲಿಗೆಗೆ ಗುರುತು ಸಿಗುತ್ತಿದ್ದುದು.

ಹೊಲಕ್ಕೆ ಹೊರಟರು. ನಬೋರ್ ಮುಂದೆ, ಹೆಗಲಿಗೆ ಕತ್ತಿ. ಎಲ್ಪಿದಿಯಾಳ ತಲೆಯ ಮೇಲೆ ಬುಟ್ಟಿ, ಅದರಲ್ಲಿ ಉಪ್ಪು, ನಿಂಬೆಹಣ್ಣು, ನೀರಿನ ಬಾಟಲಿ. ಇವತ್ತು ಹೊಲದಲ್ಲೇ ಎಳೆಜೋಳ ಸುಟ್ಟು ತಿನ್ನುವ ದಿನ. ಒಟಿಲಿಯಾಳ ರವಿಕೆಯೊಳಗೆ ಕೆಂಪು ಪಟ್ಟಿ, ಅಜ್ಜಿಯ ಹಬ್ಬದ ಲಂಗದಿಂದ ಹರಿದದ್ದು, ಅಳಿಯನಿಗೆ ಕಟ್ಟುವುದು. ಅದು ಬೆವರಿಗೆ ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಅಜ್ಜಿ ಸೋರೆಬುರುಡೆಯ ಬಾಯಿಗೆ ಸುತ್ತುತ್ತಿದ್ದುದೂ ಇದೇ ಲಂಗದ ಚೂರು. ಬೀಜದ ಬುರುಡೆ ಒಲೆಯ ಮೇಲಿನ ತೊಲೆಗೆ ತೂಗಾಡುತ್ತಿತ್ತು, ಹೊಗೆಗೆ ಕಪ್ಪಾಗಿ. ಗಾಂಜಾ ನಾಶ ಮಾಡಲು ಸೈನಿಕರು ಬಂದ ದಿನ ಅಜ್ಜಿ ಅದನ್ನು ಕಾವಿಗೆ ಕೂತ ಕೋಳಿಯ ಕೆಳಗಿಟ್ಟಿದ್ದಳು. ಅವರು ಗೋಡೆ ಬಡಿದು ನೋಡಿದರು, ಚಾಪೆ ಎತ್ತಿ ನೋಡಿದರು, ಜೋಳದ ಕಣಜಕ್ಕೆ ಬಂದೂಕು ಚುಚ್ಚಿ ನೋಡಿದರು. ಕುಕ್ಕುವ ಕೋಳಿಯ ಹತ್ತಿರ ಯಾರೂ ಕೈ ಹಾಕಲಿಲ್ಲ. ಹೊಲ ಸುಟ್ಟರು. ಆ ಹೊಗೆ ಬಟ್ಟೆಗೆ, ಜಡೆಗೆ, ಹಸುವಿನ ಹಾಲಿಗೆ ಕೂಡ ಹತ್ತಿಕೊಂಡಿತ್ತು. ಒಟಿಲಿಯಾ ಅಜ್ಜಿಯ ಸೆರಗು ಹಿಡಿದು ಅಳುತ್ತಾ, ಅಳುವಿನ ನಡುವೆಯೇ, ಎಷ್ಟು ಚೆನ್ನಾಗಿದೆ ವಾಸನೆ ಎಂದುಕೊಂಡಿದ್ದಳು. ಹಾಗೆಂದುಕೊಂಡದ್ದಕ್ಕೆ ಇವತ್ತಿಗೂ ನಾಚಿಕೆ. ಆಮೇಲೆ ಗಿಡ ಸಾಯಿಸುವ ಔಷಧಿ ಸುರಿಯುವ ವಿಮಾನಗಳು ಬಂದವು, ಅಪ್ಪ ಹೋದ, ಬೆಲೆ ಬಿತ್ತು. ಬುರುಡೆ ತೂಗಾಡುತ್ತಲೇ ಇತ್ತು.

ಹಳ್ಳದ ದಾರಿಯಲ್ಲಿ ರುತಿಲಿಯೋ ಎದುರಾದ. ಹಳ್ಳದ ಆಚೆಯ ಹೊಲ ಅವನದು, ಅಲ್ಲಿ ಕುಳ್ಳ ಗಿಡಗಳು ಮಳೆಗಾಲ ಮುಗಿಯುವ ಮೊದಲೇ ಹಣ್ಣಾಗಿ ನಿಲ್ಲುತ್ತವೆ. ಅವನ ತೋಳಿನ ತುಂಬ ಹಳದಿ ಪೆರಿಕೋನ್ ಹೂ. ದೇವದೂತ ಸಾನ್ ಮಿಗೆಲ್ ಕತ್ತಿ ಹಿಡಿದು ಬರುವ ಮೊದಲು ಸೈತಾನ ಹೊಲಗಳಲ್ಲಿ ಅಡಗಲು ಜಾಗ ಹುಡುಕುತ್ತಾನಂತೆ. ಇವತ್ತು ಎಲ್ಲರ ಬಾಗಿಲಿಗೂ ಹೊಲದ ಮೂಲೆಗೂ ಈ ಹೂವಿನ ಶಿಲುಬೆ ಕಟ್ಟುತ್ತಾರೆ.

"ಏನಮ್ಮ ಒಟಿಲಿಯಾ, ಅಳಿಯನ್ನ ಹುಡುಕೋಕೆ ಸವಾರಿ ಹೊರಟಿತೋ?" ಅವನು ಟೋಪಿ ಎತ್ತಿದ. "ನನ್ನ ಹೊಲದಲ್ಲಿ ಕುಳ್ಳ ಗಂಡುಗಳು ಬೇಕಾದಷ್ಟಿವೆ. ಒಂದನ್ನ ಕರ್ಕೊಂಡು ಹೋಗಿ. ಬ್ಯಾಂಡಿನವರ ಖರ್ಚೂ ನಂದೇ."

"ನಿನ್ನ ಗಂಡುಗಳು ಮೀಸೆ ಬರೋ ಮೊದ್ಲೇ ಮುದುಕರಾಗ್ತವೆ. ನಮ್ಮ ಹುಡುಗಿಯರು ಒಪ್ಪಲ್ಲ," ಎಂದಳು ಒಟಿಲಿಯಾ. ನಬೋರ್ ನಕ್ಕ, ರುತಿಲಿಯೋ ಇನ್ನೂ ಜೋರಾಗಿ ನಕ್ಕ. ಅವಳಿಗೆ ಹಳೆಯ ಕಾಲ ವಾಪಸ್ಸು ಬಂದಂತಾಯಿತು. ರುತಿಲಿಯೋ ಒಂದು ಹಿಡಿ ಹೂ ಕಿತ್ತು ಅವಳ ಕೈಗಿಟ್ಟ. ಅವಳು ನಗುತ್ತಲೇ ಅದನ್ನು ಮೂಗಿಗೆ ಒತ್ತಿ, ಕಣ್ಣು ಮುಚ್ಚಿ, "ಆಹಾ, ಈ ವರ್ಷ ಏನು ಘಮ ಮಾರಾಯ," ಎಂದಳು.

ರುತಿಲಿಯೋನ ನಗು ಅರ್ಧಕ್ಕೆ ನಿಂತಿತು. "ಘಮವಾ? ಮಳೆಗೆ ನೆಂದು ವಾಸನೆನೇ ಕಟ್ಟಿಲ್ಲ, ಹುಲ್ಲು ತಂದಿದೀಯ ಅಂತ ನಮ್ಮನೆಯವಳು ಈಗ ತಾನೇ ಬೈದು ಕಳ್ಸಿದ್ಲು."

ಎಲ್ಪಿದಿಯಾ ಬುಟ್ಟಿ ಸರಿಪಡಿಸಿಕೊಳ್ಳುತ್ತಾ, "ನಿಮ್ಮ ಮನೆಯವರ ಮೂಗಿಗೂ ನಮ್ಮತ್ತಿಗೆ ಮೂಗಿಗೂ ಹೋಲಿಕೆಯೇನು? ಇವ್ರಿಗೆ ನಾಳೆ ಅರಳೋ ಹೂವಿನ ವಾಸನೆ ಇವತ್ತೇ ಬರುತ್ತೆ. ನಡೀರಿ ನಡೀರಿ, ಬಿಸಿಲು ಏರ್ತಿದೆ," ಎಂದಳು. ರುತಿಲಿಯೋ ಅದನ್ನು ತಮಾಷೆಯೆಂದೇ ತಿಳಿದು ದಾರಿ ಬಿಟ್ಟ.

ಒಟಿಲಿಯಾಳ ಕಿವಿ ಸುಡುತ್ತಿತ್ತು. ಎಲ್ಪಿದಿಯಾ ಅಷ್ಟು ಬೇಗ ಮಾತು ಹಾಕಿದ್ದು ಯಾಕೆ? ಆ ಹೆಂಗಸು ನಿಧಾನಿ, ಒಂದು ಮಾತು ಹೇಳುವುದಕ್ಕೆ ಸೆರಗಿನ ತುದಿಯನ್ನು ಹತ್ತಾರು ಸಲ ಸುತ್ತುವವಳು. ಮುಗ್ಗರಿಸಿದ ಮಗುವನ್ನು ಹಿಡಿಯಲು ತಾಯಿಯ ಕೈ ತಾನಾಗಿ ಚಾಚುವ ಹಾಗಿತ್ತು ಅವಳ ಮಾತು. ಹಾಗಾದರೆ ನಾನು ಬೀಳುತ್ತೇನೆಂದು ಅವಳಿಗೆ ಮೊದಲೇ ಗೊತ್ತಿತ್ತು. ಇಲ್ಲ, ಗೊತ್ತಿಲ್ಲ. ಅವಳ ಮೂಗಿಗೆ ಏನು ಗೊತ್ತು? ಮದುವೆಯಾಗಿ ಬಂದ ವರ್ಷ ಹೊಸ ಹೆಂಡತಿ ಹುರುಪಿನಿಂದ ತಾನೂ ಒಂದು ಎಲೆ ಉಜ್ಜಿ ಮೂಸಿ, "ಇದು ಅಲ್ವಾ ಅತ್ತಿಗೆ?" ಎಂದಾಗ, "ಮೀನು ಮೂಸಿ ಬೆಳೆದ ಮೂಗು ಇಲ್ಲಿ ನಡೆಯಲ್ಲ ಕಣೇ," ಎಂದು ಅಷ್ಟೂ ಕೆಲಸದವರ ಮುಂದೆ ಅಂದಿದ್ದಳು ಒಟಿಲಿಯಾ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಎಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು. ಅವಳು ತೋರಿಸಿದ್ದು ಸರಿಯಾದ ಗಿಡವನ್ನೇ. ಒಟಿಲಿಯಾ ಆ ದಿನ ಮಧ್ಯಾಹ್ನ ಅದಕ್ಕೇ ಪಟ್ಟಿ ಕಟ್ಟಿದ್ದಳು, ತಾನೇ ಕಂಡುಕೊಂಡವಳ ಹಾಗೆ.

ಹೊಲ ಕಂಡಿತು. ಜೋಳದ ದಂಟುಗಳ ನಡುವೆ ಗಿಡಗಳು ನಿಂತಿದ್ದವು, ಮತ್ತು ದೂರದಿಂದಲೇ, ಮಳೆ ಶುರುವಾದಾಗಿನಿಂದ ದಿನಾ ಕಾಣುತ್ತಿದ್ದ ಹಾಗೆಯೇ ಇವತ್ತೂ, ಅವು ತಪ್ಪಾಗಿ ಕಂಡವು. ಕೆಂಜೆಡೆ ಈ ಹೊತ್ತಿಗೆ ಜೋಳದ ತಲೆಯ ಮೇಲೆ ತಲೆ ಎತ್ತಿರಬೇಕು. ಇವು ಅರ್ಧಕ್ಕರ್ಧ ದಂಟುಗಳ ನಡುವೆ ಮುದುಡಿ ಕೂತಿದ್ದವು. ಎಲೆಗಳಲ್ಲಿ ಬೆರಳಿಗಿಂತ ಹೆಬ್ಬೆರಳೇ ಹೆಚ್ಚು. ಮಳೆ ಜಾಸ್ತಿ ಎಂದುಕೊಂಡಿದ್ದಳು ಮೊದಲು. ಆಮೇಲೆ ಹಂದಿಗೊಬ್ಬರ ಜಾಸ್ತಿ ಎಂದುಕೊಂಡಳು. ಆಮೇಲೆ ಎಂದುಕೊಳ್ಳಲು ಏನೂ ಉಳಿಯದೆ, ಹೊಲಕ್ಕೆ ಬರುವುದನ್ನೇ ಕಮ್ಮಿ ಮಾಡಿದ್ದಳು. ಹೋದ ವರ್ಷ ಮೂಲೆಯಲ್ಲಿ ನಿಂತಿದ್ದ ಆ ದಷ್ಟಪುಷ್ಟ ಗಂಡು, ಅದಕ್ಕೂ ಎಲೆ ಸ್ವಲ್ಪ ಅಗಲವಿರಲಿಲ್ಲವೇ? ಗಟ್ಟಿಮುಟ್ಟಾಗಿದೆ ಎಂದು ಸಂತೋಷಪಟ್ಟಿದ್ದಳು. ಜ್ವರದಿಂದ ಎದ್ದವಳಿಗೆ ಗಟ್ಟಿಮುಟ್ಟಾದದ್ದೆಲ್ಲ ಒಳ್ಳೆಯದಾಗಿಯೇ ಕಾಣುತ್ತದೆ. ಮೊದಲ ಮಳೆಯಲ್ಲಿ ಹಳ್ಳ ಉಕ್ಕಿ ಆಚೆಯ ಹೊಲದ ಬೀಜ ಈಚೆ ಬಂದು ಬೀಳಬಹುದು ಎನ್ನುವುದು ಮಕ್ಕಳಿಗೂ ಗೊತ್ತಿರುವ ಮಾತು. ಮೂಗು ಇಷ್ಟು ವರ್ಷ ತಡೆಯುತ್ತಿದ್ದುದು ಅದನ್ನೇ.

ನಬೋರ್ ಮೇಲಿನ ಮೂಲೆಯ ಗಂಡು ಗಿಡಗಳಿಂದ ಒಂದೊಂದು ಎಲೆ ಚಿವುಟಿ, ಅಂಗೈಯಲ್ಲಿ ಉಜ್ಜಿ, ಅಕ್ಕನ ಮುಖದ ಹತ್ತಿರ ಹಿಡಿದ. ಅವನ ಅಂಗೈಯ ಗೆರೆಗಳು, ಕತ್ತಿಯ ಹಳೆಯ ಗಾಯ, ಹಸಿರು ರಸ, ಎಲ್ಲವೂ ಕಣ್ಣಿಗೆ ಅಷ್ಟು ಸ್ಪಷ್ಟ. ಅವಳು ಉಸಿರೆಳೆದಳು. ಮತ್ತೊಂದು. ಮತ್ತೊಂದು. ಇದ್ದುದರಲ್ಲಿ ಎಲೆ ತೆಳ್ಳಗಿದ್ದ ಗಿಡದ ಸರದಿ ಬಂದಾಗ ಅವಳು ಕಣ್ಣು ಮುಚ್ಚಿ ತಲೆದೂಗಿದಳು. "ಇದೇ. ಕೊಪಾಲ್ ಬರ್ತಿದೆ ನೋಡು."

"ಸರಿ ಅಕ್ಕ," ಎಂದ ನಬೋರ್. ಪಟ್ಟಿಗಾಗಿ ಕೈ ಚಾಚಿದ.

ಆ 'ಸರಿ' ಅವಳ ಎದೆಯೊಳಗೆ ಕಲ್ಲಿನಂತೆ ಬಿತ್ತು. ನಬೋರ್ ಯಾವತ್ತು ಸರಿ ಎಂದಿದ್ದ? ಹುಡುಗನಾಗಿದ್ದಾಗಿನಿಂದ ಪ್ರತಿ ಸಾನ್ ಮಿಗೆಲ್‌ಗೂ ಅವನದು ಜಗಳ. ನಿನ್ನ ಮೂಗು ಕಟ್ಟಿದೆ, ಆ ಕಡೇದು ನೋಡು, ಇದ್ರಲ್ಲಿ ಎಲ್ಲಿದೆ ಕೊಪಾಲ್, ಸತ್ತ ಇಲಿ ಇದೆ. ಅಪ್ಪನೂ ಹಾಗೇ, ಅಜ್ಜಿಯ ಎದುರು ಟೋಪಿ ನೆಲಕ್ಕೆ ಬಡಿಯುತ್ತಿದ್ದ. ಅಳಿಯನನ್ನು ಆರಿಸುವುದೆಂದರೆ ಜಗಳ, ಕೊನೆಗೆ ಹೆಂಗಸಿನ ಮಾತೇ ಗೆಲ್ಲಬೇಕು, ಆದರೆ ಜಗಳವಾಗಬೇಕು. ಹೋದ ವರ್ಷ ಜಗಳವಾಗಲಿಲ್ಲ. 'ಸರಿ ಅಕ್ಕ' ಎಂದಿದ್ದ, ಇದೇ ದನಿಯಲ್ಲಿ, ರೋಗಿಯ ಹಾಸಿಗೆಯ ಪಕ್ಕ ಮಾತಾಡುವ ದನಿಯಲ್ಲಿ. ತಾನು ಅದನ್ನು ಗೌರವವೆಂದು ತಿಳಿದಿದ್ದಳು.

ಅವಳು ಪಟ್ಟಿ ಕೊಡಲಿಲ್ಲ. ತಿರುಗಿ ನೋಡಿದಳು. ಎಲ್ಪಿದಿಯಾ ಸೌದೆ ಜೋಡಿಸುತ್ತಿದ್ದವಳು ಮುಖವನ್ನು ಬೇರೆ ಕಡೆ ಮಾಡಿಕೊಂಡಿದ್ದಳು.

"ಎಲ್ಪಿದಿಯಾ, ಬಾ ಇಲ್ಲಿ. ಇದನ್ನ ಮೂಸು."

"ನಾನಾ? ನಂಗೇನು ಗೊತ್ತು ಅತ್ತಿಗೆ. ಮೀನಿನ ಮೂಗು ನಂದು."

ಅದರಲ್ಲಿ ಕೊಂಕಿತ್ತೋ ಇಲ್ಲವೋ ತಿಳಿಯಲಿಲ್ಲ. ಅವಳು ಅದನ್ನು ತನ್ನ ಹೆಸರು ಹೇಳುವಷ್ಟೇ ಸಹಜವಾಗಿ ಹೇಳಿದ್ದಳು.

"ಬಾ ಅಂದೆ."

ಎಲ್ಪಿದಿಯಾ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಗಂಡನ ಅಂಗೈ ಹಿಡಿದು ಮೂಸಿದಳು, ಬಿಟ್ಟಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಸೀಮೆಎಣ್ಣೆ," ಎಂದಳು ಕೊನೆಗೆ, ಬಹಳ ಮೆಲ್ಲಗೆ. "ಸ್ವಲ್ಪ ಸಿಹಿ, ಕೊಳೆತ ಪೇರಲೆ ಥರ. ರುತಿಲಿಯೋ ಹೊಲದ ವಾಸನೆ."

"ಉಳಿದವು?"

"ಎಲ್ಲಾ ಅದೇ ಅತ್ತಿಗೆ, ಕಳೆ ಕೀಳೋವಾಗ ಮೂಸಿದೀನಿ. ಒಂದ್ರಲ್ಲಿ ಜಾಸ್ತಿ, ಒಂದ್ರಲ್ಲಿ ಕಮ್ಮಿ."

"ಹೋದ ವರ್ಷದ ಅಳಿಯ?"

"ಬಿಡಕ್ಕ, ಈಗ ಯಾಕೆ ಅದು," ಎಂದ ನಬೋರ್.

"ಅವಳನ್ನ ಕೇಳಿದ್ದು ನಾನು."

"ಅವನೂ ಅದೇ," ಎಂದಳು ಎಲ್ಪಿದಿಯಾ.

"ನಿಂಗೂ ಗೊತ್ತಿತ್ತೇನೋ?"

ನಬೋರ್ ಕತ್ತಿಯ ತುದಿಯಿಂದ ಮಣ್ಣು ಕೆದಕಿದ. "ಗೋಡೆ ಹಿಡ್ಕೊಂಡು ನಡೀತಿದ್ದೆ ನೀನು. ಅವತ್ತೇ ಮೊದಲು ಹೊರಗೆ ಬಂದಿದ್ದು. ಆ ಗಿಡದ ಮುಂದೆ ನಿಂತ್ಕೊಂಡು ನಕ್ಕೆ. ನೀನು ನಗೋದನ್ನ ಇನ್ನು ನೋಡೋದೇ ಇಲ್ಲ ಅಂದ್ಕೊಂಡಿದ್ದೆ ನಾನು. ಆಗ ಅಲ್ಲ ಅಂತ ಹೆಂಗಕ್ಕ ಹೇಳ್ಲಿ? ಮೂಗು ವಾಪಸ್ ಬರುತ್ತೆ, ಒಂದು ವರ್ಷದ ಬೀಜ ತಾನೇ, ಬುರುಡೇಲಿ ಹಳೇದು ಇದ್ದೇ ಇದೆ ಅಂದ್ಕೊಂಡೆ."

ಬುರುಡೆ. ಹೊಸ ಬೀಜ ಬಂದ ದಿನ ಹಳೆಯದನ್ನು ಇಡುವ ಹಾಗಿಲ್ಲ, ಹಳೆಯ ಬೀಜ ಮುನಿಸಿಕೊಂಡು ಹೊಸದನ್ನೂ ಕೆಡಿಸುತ್ತದೆ. ಮಿಕ್ಕದ್ದನ್ನೆಲ್ಲ ಕೋಳಿಗಳಿಗೆ ಚೆಲ್ಲಿ, ಒಳಗೆ ಬೂದಿ ಸವರಿ, ಹೊಸದನ್ನು ತುಂಬಬೇಕು. ಒಟಿಲಿಯಾ ಚೆಲ್ಲಿದ್ದಳು, ಅಂಗಳದ ಬಿಸಿಲಲ್ಲಿ ನಿಂತು, ನಾನು ಬದುಕಿದೆ, ಇದೂ ಬದುಕಿತು ಎಂದು ಹಾಡಿಕೊಳ್ಳುತ್ತಾ.

"ನಾನು ಮನೆಗೆ ಬರೋ ಹೊತ್ತಿಗೆ ಕೋಳಿಗಳು ಮುಗಿಸಿದ್ವು," ಎಂದ ನಬೋರ್.

ಒಟಿಲಿಯಾಳಿಗೆ ಸಿಟ್ಟು ಬರಬೇಕಿತ್ತು, ಕಾದಳು, ಬರಲಿಲ್ಲ. ತನ್ನ ಸುಳ್ಳಿಗೆ ಅವರು ತೂಗಿ ಕೊಟ್ಟ ಪ್ರೀತಿ ಇದು, ಅಳತೆಯಲ್ಲಿ ಒಂದು ಕಾಳೂ ಕಡಿಮೆಯಿಲ್ಲ. ಕಾವಿಗೆ ಕೂತ ಕೋಳಿಯ ಕೆಳಗಿನಿಂದ ಅಜ್ಜಿ ಬುರುಡೆಯನ್ನು ತೆಗೆದಾಗ ಕೈತುಂಬ ಕುಕ್ಕಿಸಿಕೊಂಡಿದ್ದಳು, ರಕ್ತ ಒರೆಸಿಕೊಳ್ಳುತ್ತಾ ಕೋಳಿಗೇ ಒಂದು ಹಿಡಿ ಜೋಳ ಹಾಕಿದ್ದಳು. ಯಾಕೆ ಅದು ಈಗ ನೆನಪಾಯಿತು? ಕೆಂಜೆಡೆ ಹೋಯಿತು ಎನ್ನುವ ಮಾತನ್ನು ಒಳಗೊಳಗೇ ಹೇಳಿ ನೋಡಿದಳು. ಅದಕ್ಕೂ ಯಾವ ವಾಸನೆಯೂ ಇರಲಿಲ್ಲ. ಇನ್ನು ಮುಂದೆ ಆ ವಾಸನೆ ಇರುವುದು ತನ್ನ ತಲೆಯೊಳಗೆ ಮಾತ್ರ, ಮೂಗು ಸತ್ತವಳ ತಲೆಯೊಳಗೆ. ಮೊಣಕಾಲು ಹಿಡಿದುಕೊಂಡು ತನ್ನ ಹತ್ತಿರ ಬರುವ ಮುದುಕರು ಬಾಟಲಿಯ ಬಿರಟೆ ತೆಗೆದು ಮೂಸಿ, ಸರಿ ತಾಯಿ ಎಂದು ಕಾಲು ಚಾಚುತ್ತಾರೆ. ಬಹುಶಃ ಈಗಾಗಲೇ ಹಾಗೆ ಚಾಚುತ್ತಿದ್ದಾರೆ.

ಅವಳು ತೆಳ್ಳನೆಯ ಎಲೆಯ ಗಿಡದ ಬುಡಕ್ಕೆ ಎರಡೂ ಕೈ ಹಾಕಿದಳು.

"ಅಕ್ಕ, ಒಂದಾದ್ರೂ ಇರ್ಲಿ," ನಬೋರ್ ಅವಳ ರಟ್ಟೆ ಹಿಡಿದ. "ಅರ್ಧ ರಕ್ತ ನಮ್ಮದೇ ಅಲ್ವಾ? ಬೀಜ ಇಟ್ಕೊಂಡು, ಎಲ್ಪಿದಿಯಾ ಮೂಸಿ ಆರಿಸ್ತಾ ಹೋದ್ರೆ ಎಂದಾದ್ರೂ ಒಂದಿನ..."

"ಏನಾಗುತ್ತೆ? ಹೇಳೇ, ನೀನೇ ಹೇಳು."

ಎಲ್ಪಿದಿಯಾ ಸುಳ್ಳು ಹೇಳಬಹುದಿತ್ತು, ಹೇಳಲು ಇಷ್ಟವೂ ಇತ್ತು, ಅದು ಮುಖದಲ್ಲಿ ಕಾಣುತ್ತಿತ್ತು. "ಸೀಮೆಎಣ್ಣೆ ಹೋಗಲ್ಲ ಅತ್ತಿಗೆ," ಎಂದಳು. "ಬಟ್ಟೆಗೆ ಬಿದ್ರೇನೇ ಹೋಗಲ್ಲ."

ನಬೋರ್ ಕೈ ಬಿಟ್ಟ. ಒಟಿಲಿಯಾ ಎಳೆದಳು. ಮಳೆಗೆ ಸಡಿಲವಾದ ಮಣ್ಣು, ಗಿಡ ಹಟ ಮಾಡದೆ ಬಂತು, ಬೇರಿನಲ್ಲಿ ಎರೆಹುಳು ತೊನೆಯುತ್ತಿತ್ತು. ಅದನ್ನು ದಾಟಿ ಮುಂದಿನದಕ್ಕೆ ಹೋದಳು. ನಬೋರ್ ಸ್ವಲ್ಪ ಹೊತ್ತು ನಿಂತು ನೋಡಿ, ಆಮೇಲೆ ಇನ್ನೊಂದು ಸಾಲಿಗೆ ಇಳಿದ. ಮೂಲೆಯವರೆಗೂ ಕಿತ್ತರು. ಗಂಡು ಒಂದೂ ಉಳಿಯದ ಹೊಲ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಈ ವರ್ಷ ಬೀಜ ಕಟ್ಟುವುದಿಲ್ಲ. ಬರುವ ಮಳೆಗೆ ನಬೋರ್ ಯಾರ ಬೀಜವನ್ನಾದರೂ ಬಿತ್ತಿಕೊಳ್ಳಲಿ, ಬುರುಡೆಯಲ್ಲಿ ಉಪ್ಪು ಹಾಕಿಡಬಹುದು. ಇದು ಸತ್ಯಕ್ಕಾಗಿ ಮಾಡಿದ್ದೋ, ತನ್ನ ಮೂಗಿಗೆ ಇಲ್ಲದ್ದು ಇನ್ನೊಬ್ಬಳ ಮೂಗಿಗೂ ಬೇಡವೆಂಬ ಹಳೆಯ ಹೊಟ್ಟೆಕಿಚ್ಚೋ, ಅವಳಿಗೇ ಬಗೆಹರಿಯಲಿಲ್ಲ. ರವಿಕೆಯೊಳಗಿನ ಪಟ್ಟಿಯನ್ನು ತೆಗೆದು ಏನು ಮಾಡಬೇಕೆಂದು ತಿಳಿಯದೆ, ಅದರಿಂದ ಕೈಯ ಮಣ್ಣು ಒರೆಸಿಕೊಂಡಳು.

ನಬೋರ್ ಮೂಲೆಮೂಲೆಗೆ ಹೋಗಿ ಹಳದಿ ಹೂವಿನ ಶಿಲುಬೆ ನೆಟ್ಟ. ಇವತ್ತು ಅದನ್ನು ಬಿಡುವ ಹಾಗಿಲ್ಲ. ಬೆಂಕಿಯ ಹತ್ತಿರ ಎಲ್ಪಿದಿಯಾ ಎಳೆಜೋಳ ತಿರುಗಿಸುತ್ತಿದ್ದಳು. ಜೋಳ ಸಿಡಿಯುವ ಸದ್ದು ಕೇಳುತ್ತಿತ್ತು, ಹೊಗೆ ಕಣ್ಣಿಗೆ ಹೊಡೆದು ನೀರು ಬಂತು, ಒಳ್ಳೆಯದೇ ಆಯಿತು. ಒಟಿಲಿಯಾ ದಂಟುಗಳ ನೆರಳಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದಳು, ನೋಡುವುದೊಂದೇ ಈಗ ಉಳಿದ ಕೆಲಸವೆಂಬಂತೆ. ಎಲ್ಪಿದಿಯಾ ಒಂದು ತೆನೆಗೆ ಉಪ್ಪು ಸವರಿ ಗಂಡನಿಗೆಂದು ಎಲೆಯ ಮೇಲಿಟ್ಟಳು. ಇನ್ನೊಂದಕ್ಕೂ ಬರೀ ಉಪ್ಪು, ಅದು ತನಗೆ. ಆಮೇಲೆ ಬುಟ್ಟಿಯ ತಳದಿಂದ, ಬಟ್ಟೆಯ ಗಂಟೊಂದನ್ನು ಬಿಚ್ಚಿ, ಮನೆಯಲ್ಲೇ ಬೇರೆಯಾಗಿ ಅರೆದು ತಂದಿದ್ದ ಕೆಂಪು ಮೆಣಸಿನ ಪುಡಿಯನ್ನು ನಿಂಬೆಹಣ್ಣಿನ ಹೋಳಿಗೆ ಒತ್ತಿಕೊಂಡು, ಮೂರನೆಯ ತೆನೆಗೆ ಉಜ್ಜಿದಳು. ಸುತ್ತಲೂ ಉಜ್ಜಿದಳು. ಸಾಲದೆನ್ನಿಸಿ ಮತ್ತೊಮ್ಮೆ ಅದ್ದಿ ಉಜ್ಜಿದಳು, ಒಂದು ಕಾಳಿನ ಸಂದೂ ಬಿಡದೆ. ಖಾರದ ಘಾಟಿಗೆ ತಾನೇ ಸೀನಿ, ತೋಳಿನಿಂದ ಮೂಗು ಒರೆಸಿಕೊಂಡಳು. ನಂತರ ಎದ್ದು ಬಂದು, ಮಂಡಿಯೂರಿ, ಆ ಕೆಂಪು ತೆನೆಯನ್ನು ಹಸಿರು ಸಿಪ್ಪೆಯಲ್ಲಿ ಸುತ್ತಿ, ಒಟಿಲಿಯಾಳ ಮಣ್ಣುಗೈಗೆ ಕೊಟ್ಟಳು.